ಇಬ್ಬರ ಕಂಪನಿಗೆ ಮೂರನೆಯ ಕಣ್ಣು

ಸೆಪ್ಟೆಂಬರ್ ಬಂತೆಂದರೆ ನಮ್ಮ ಸಣ್ಣಪುಟ್ಟ ಪ್ರೈವೇಟ್ ಲಿಮಿಟೆಡ್ ಕಂಪನಿಗಳಲ್ಲಿ ಒಂದು ತಮಾಷೆ ನಡೆಯುತ್ತೆ. ಇಬ್ಬರು ಗೆಳೆಯರು ಸೇರಿ ಕಟ್ಟಿದ ಕಂಪನಿ ಅಂತಿಟ್ಟುಕೊಳ್ಳಿ. ಡೈರೆಕ್ಟರುಗಳೂ ಅವರೇ, ಷೇರುದಾರರೂ ಅವರೇ, ವೈಫೈ ಕೆಟ್ಟರೆ ಸ್ಟೂಲ್ ಹತ್ತುವವರೂ ಅವರೇ. ಒಂದು ದಿನ ಆಡಿಟರ್ ಆಫೀಸಿನಿಂದ ಮೇಲ್ ಬರುತ್ತೆ: ಜೊತೆಗಿರುವ ಪತ್ರವನ್ನು ನಿಮ್ಮ ಲೆಟರ್‌ಹೆಡ್‌ನಲ್ಲಿ ಪ್ರಿಂಟ್ ತೆಗೆದು, ಸೈನ್ ಹಾಕಿ, ಸ್ಕ್ಯಾನ್ ಮಾಡಿ ಕಳಿಸಿ. ಪತ್ರದಲ್ಲಿ ಇರೋದು ಇಷ್ಟು: ನಾವು ನಿಮ್ಮಿಂದ ಯಾವ ದಾಖಲೆಯನ್ನೂ ಮುಚ್ಚಿಟ್ಟಿಲ್ಲ, ಮೋಸ ನಡೆದದ್ದು ನಮ್ಮ ಗಮನಕ್ಕೆ ಬಂದಿಲ್ಲ, ಲೆಕ್ಕಪತ್ರದ ಹೊಣೆ ನಮ್ಮದೇ. ಅದನ್ನೂ ಫೈಲಿಗೆ ಸೇರಿಸಿಕೊಂಡು ಆಡಿಟರ್ ತಮ್ಮ ವರದಿ ಬರೆಯುತ್ತಾರೆ. ವರದಿ ಯಾರಿಗೆ? ಕಂಪನಿಯ ಸದಸ್ಯರಿಗೆ ಅಂತ ಮೇಲ್ಗಡೆ ವಿಳಾಸ ಇರುತ್ತೆ. ಸದಸ್ಯರು ಅಂದ್ರೆ ಷೇರುದಾರರು. ಷೇರುದಾರರು ಅಂದ್ರೆ ಅದೇ ಇಬ್ಬರು.

ತಾವು ಸಾಚಾ ಅಂತ ತಾವೇ ಬರೆದುಕೊಟ್ಟು, ಅದನ್ನು ಇನ್ನೊಬ್ಬರ ಬಾಯಿಂದ ತಾವೇ ಕೇಳಿಸಿಕೊಂಡು, ಅದಕ್ಕೆ ಫೀಸನ್ನೂ ಕೊಡೋದು. ಒಬ್ಬರೇ ಸದಸ್ಯರಿರುವ ಏಕವ್ಯಕ್ತಿ ಕಂಪನಿಯಲ್ಲಂತೂ ಇದು ಇನ್ನೂ ಚಂದ.

ನಗೋದು ಸುಲಭ. ಆದರೆ ಈ ಸುತ್ತು ಯಾರೋ ತಲೆಕೆಟ್ಟ ಅಧಿಕಾರಿ ಕೂತು ಹೆಣೆದದ್ದಲ್ಲ. ಇದರ ಹಿಂದೆ ಸುಮಾರು 180 ವರ್ಷದ ಕತೆ ಇದೆ. ಆ ಕತೆಯಲ್ಲಿ ಮತ್ತೆ ಮತ್ತೆ ಬರುವ ಒಬ್ಬ ಪಾತ್ರಧಾರಿ ಇದ್ದಾನೆ: ಸ್ಥಳದಲ್ಲಿ ಇಲ್ಲದವನು.

ಆಡಿಟ್ ಅನ್ನೋ ಪದದ ಬೇರು ಲ್ಯಾಟಿನ್‌ನಲ್ಲಿದೆ, ಅರ್ಥ ಕೇಳಿಸಿಕೊಳ್ಳೋದು. ಹಿಂದೆ ಇಂಗ್ಲೆಂಡಿನ ಜಮೀನ್ದಾರರ ಮುಂದೆ ಪಾರುಪತ್ಯಗಾರ ನಿಂತು ವರ್ಷದ ಲೆಕ್ಕ ಓದುತ್ತಿದ್ದ, ಧಣಿ ಕೇಳುತ್ತಿದ್ದ. ನಾವೂ ಲೆಕ್ಕ ಒಪ್ಪಿಸೋದು ಅಂತಲೇ ಅನ್ನೋದು. ಶಾನುಭೋಗರು ಜಮಾಬಂದಿಯಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ಹೊಲದಲ್ಲಿ, ಅಂಗಡಿಯಲ್ಲಿ, ಹಡಗಿನಲ್ಲಿ ತಾನು ಇಲ್ಲದಾಗ ತನ್ನ ದುಡ್ಡಿಗೆ ಏನಾಯಿತು ಅಂತ ತಿಳಿಯೋಕೆ ಯಜಮಾನ ಕಂಡುಕೊಂಡ ಉಪಾಯ ಇದು. ಯಜಮಾನ ಗಲ್ಲಾಪೆಟ್ಟಿಗೆ ಮುಂದೆಯೇ ಕೂತಿದ್ದರೆ ಅವನಿಗೆ ಯಾರೂ ಲೆಕ್ಕ ಒಪ್ಪಿಸಬೇಕಿಲ್ಲ.

1844ರಲ್ಲಿ ಬ್ರಿಟನ್‌ನ ಪಾರ್ಲಿಮೆಂಟು ಜಾಯಿಂಟ್ ಸ್ಟಾಕ್ ಕಂಪನಿಗಳ ಕಾಯ್ದೆ ಮಾಡಿತು. ಹಿಂದೆ ನಿಂತು ಮಾಡಿಸಿದವರು ಆಗ ವ್ಯಾಪಾರ ಮಂಡಳಿಯ ಅಧ್ಯಕ್ಷರಾಗಿದ್ದ, ಮುಂದೆ ಪ್ರಧಾನಿಯಾದ ಗ್ಲಾಡ್‌ಸ್ಟನ್. ಅಲ್ಲಿಯವರೆಗೆ ಕಂಪನಿ ಕಟ್ಟಬೇಕಾದರೆ ರಾಜನ ಸನ್ನದೋ, ಪಾರ್ಲಿಮೆಂಟಿನ ಪ್ರತ್ಯೇಕ ಕಾಯ್ದೆಯೋ ಬೇಕಿತ್ತು. ಈಗ ರಿಜಿಸ್ಟರ್ ಮಾಡಿಸಿದರೆ ಸಾಕು ಅಂತಾಯಿತು. ಬದಲಿಗೆ ಕಾಯ್ದೆ ಕೇಳಿದ್ದು ಬ್ಯಾಲೆನ್ಸ್ ಶೀಟು ಮತ್ತು ಅದನ್ನು ಪರೀಕ್ಷಿಸುವ ಆಡಿಟರುಗಳು. ಆಡಿಟರ್ ಅಂದರೆ ಸಿಎ ಪರೀಕ್ಷೆ ಪಾಸಾದವರಲ್ಲ, ಅಂಥ ಪರೀಕ್ಷೆಯೇ ಆಗ ಇರಲಿಲ್ಲ. ಮರುವರ್ಷ ಬಂದ ಇನ್ನೊಂದು ಕಾಯ್ದೆಯಂತೂ ಆಡಿಟರ್ ಬಳಿ ಕಂಪನಿಯ ಒಂದಾದರೂ ಷೇರು ಇರಲೇಬೇಕು ಅಂದಿತು. ಇವತ್ತು ಆಡಿಟರ್ ಬಳಿ ಷೇರು ಇರಲೇಕೂಡದು, ಅವರು ಹೊರಗಿನವರೇ ಆಗಿರಬೇಕು ಅನ್ನುತ್ತೇವೆ. ಆಗಿನ ತರ್ಕ ತದ್ವಿರುದ್ಧ: ದುಡ್ಡು ಹಾಕಿದವನಿಗೆ ಮಾತ್ರ ಹೊಟ್ಟೆ ಉರಿಯುತ್ತೆ, ಅವನೇ ಚೆನ್ನಾಗಿ ನೋಡುತ್ತಾನೆ. ಈ ತರ್ಕ ನನಗೆ ಈಗಲೂ ಪೂರ್ತಿ ಪೆದ್ದು ಅನ್ನಿಸೋದಿಲ್ಲ.

ಹನ್ನೆರಡೇ ವರ್ಷ. 1856ರಲ್ಲಿ ಕಡ್ಡಾಯವನ್ನು ಕೈಬಿಟ್ಟರು. ಕಂಪನಿಯ ಲೆಕ್ಕ ಕಂಪನಿಯವರ ಖಾಸಗಿ ವಿಚಾರ, ಬೇಕಾದವರು ತಮ್ಮ ನಿಯಮಾವಳಿಯಲ್ಲಿ ಬರೆದುಕೊಳ್ಳಲಿ, ಸರ್ಕಾರಕ್ಕೇನು ಅಂತ.

ಅದರ ಬೆಲೆ ಕಂಡಿದ್ದು ಸ್ಕಾಟ್ಲೆಂಡಿನಲ್ಲಿ. ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ 1878ರ ಬೇಸಿಗೆಯಲ್ಲಿ ಶೇಕಡ 12 ಡಿವಿಡೆಂಡ್ ಘೋಷಿಸಿ, ಅಕ್ಟೋಬರ್ 2ರಂದು ಬಾಗಿಲು ಹಾಕಿತು. ಬೆರಳೆಣಿಕೆಯ ಗಿರಾಕಿಗಳಿಗೆ ಲಕ್ಷಗಟ್ಟಲೆ ಪೌಂಡ್ ಸಾಲ ಕೊಟ್ಟು, ಅದು ಬರೋದಿಲ್ಲ ಅಂತ ಗೊತ್ತಾದ ಮೇಲೂ ವರ್ಷ ವರ್ಷ ಸುಳ್ಳು ಬ್ಯಾಲೆನ್ಸ್ ಶೀಟು ತಯಾರಿಸಿ ಷೇರುದಾರರ ಮುಂದೆ ಇಟ್ಟಿದ್ದರು. ಹೊರಗಿನ ಆಡಿಟ್ ಇರಲಿಲ್ಲ. ಈ ಬ್ಯಾಂಕಿನ ಷೇರುದಾರರ ಹೊಣೆಗೆ ಮಿತಿಯೂ ಇರಲಿಲ್ಲ, ಅಂದ್ರೆ ಬ್ಯಾಂಕ್ ಮುಳುಗಿದರೆ ಮನೆಮಠ ಮಾರಿಯಾದರೂ ಸಾಲ ತೀರಿಸಬೇಕು. 100 ಪೌಂಡಿನ ಷೇರು ಇದ್ದವರ ಹತ್ತಿರ ಮೊದಲು 500 ಪೌಂಡ್ ಕೇಳಿದರು. ಅದು ಸಾಲದೆ ಆಮೇಲೆ ಇನ್ನೂ 2,250 ಪೌಂಡ್. ಒಟ್ಟು 1,819 ಷೇರುದಾರರಲ್ಲಿ ಕೊನೆಗೆ ದಿವಾಳಿಯಾಗದೆ ಉಳಿದವರು 254 ಜನ. ತೀರಿಹೋದ ನೆಂಟರ ಮಕ್ಕಳ ದುಡ್ಡನ್ನು ಟ್ರಸ್ಟಿಗಳಾಗಿ ಈ ಬ್ಯಾಂಕಿನ ಷೇರಿನಲ್ಲಿ ತೊಡಗಿಸಿದ್ದವರೂ ಇದ್ದರು. ಷೇರು ನಮ್ಮದಲ್ಲ, ನಾವು ಬರೀ ಟ್ರಸ್ಟಿಗಳು ಅಂತ ಅವರು ಕೋರ್ಟಿಗೆ ಹೋದರು. ರಿಜಿಸ್ಟರಿನಲ್ಲಿ ಇರೋದು ನಿಮ್ಮ ಹೆಸರು, ನೀವೇ ಕಟ್ಟಿ ಅಂತ ತೀರ್ಪಾಯಿತು. ಡೈರೆಕ್ಟರುಗಳಿಗೆ ಜೈಲಾಯಿತು, ನಿಜ. ಕೆಲವರಿಗೆ ಎಂಟು ತಿಂಗಳು, ಇಬ್ಬರಿಗೆ ಒಂದೂವರೆ ವರ್ಷ.

ಮರುವರ್ಷ, 1879ರಲ್ಲಿ, ಮುಂದೆ ಸೀಮಿತ ಹೊಣೆಯಡಿ ನೋಂದಾಯಿಸುವ ಬ್ಯಾಂಕುಗಳಿಗೆ ಆಡಿಟ್ ಕಡ್ಡಾಯವಾಯಿತು. 1900ರಲ್ಲಿ ಎಲ್ಲ ಕಂಪನಿಗಳಿಗೂ. ಇದರ ನಡುವೆ 1896ರಲ್ಲಿ, ಹಲ್ ಪಟ್ಟಣದ ಕಿಂಗ್‌ಸ್ಟನ್ ಹತ್ತಿ ಗಿರಣಿಯ ಮೊಕದ್ದಮೆ ಬಂತು. ಗಿರಣಿಯ ಮ್ಯಾನೇಜರ್ ವರ್ಷಗಟ್ಟಲೆ ದಾಸ್ತಾನನ್ನು ಹೆಚ್ಚಿಗೆ ಬರೆದು ಲಾಭ ತೋರಿಸಿದ್ದ. ಆಡಿಟರುಗಳು ಉಗ್ರಾಣಕ್ಕೆ ಹೋಗಿ ನೋಡದೆ ಅವನು ಕೊಟ್ಟ ಸರ್ಟಿಫಿಕೇಟನ್ನೇ ನಂಬಿದ್ದರು. ಅವರ ತಪ್ಪಿಲ್ಲ ಅಂತ ಕೋರ್ಟು ಬಿಟ್ಟಿತು. ಆಡಿಟರ್ ಕಾವಲು ನಾಯಿ, ವಾಸನೆ ಹಿಡಿದು ಕಳ್ಳನ ಜಾಡಿನಲ್ಲಿ ಓಡುವ ನಾಯಿ ಅಲ್ಲ ಅನ್ನೋ ಮಾತು ನ್ಯಾಯಮೂರ್ತಿ ಲೋಪ್ಸ್ ಅವರದ್ದು. ಇವತ್ತಿಗೂ ಕಾಮರ್ಸ್ ಓದಿದ ಯಾರನ್ನು ಕೇಳಿದರೂ ಬಾಯಿಪಾಠ ಒಪ್ಪಿಸುತ್ತಾರೆ. ಇವತ್ತಿನ ಆಡಿಟರ್ ಹಾಗೆ ಮಾಡಿದರೆ ಮಾತ್ರ ಗ್ರಹಚಾರ: ದಾಸ್ತಾನು ದೊಡ್ಡದಿದ್ದರೆ ಎಣಿಕೆ ನಡೆಯುವಾಗ ಖುದ್ದು ಹೋಗಿ ನಿಲ್ಲಬೇಕು.

ಇಲ್ಲಿಂದ ನಮ್ಮ ಇಬ್ಬರು ಗೆಳೆಯರ ಕತೆ ಶುರು. ಎಲ್ಲರಿಗೂ ಆಡಿಟ್ ಅಂದ ಏಳೇ ವರ್ಷಕ್ಕೆ, 1907ರಲ್ಲಿ, ಪ್ರೈವೇಟ್ ಕಂಪನಿ ಅನ್ನೋ ಹೊಸ ಜಾತಿಯೊಂದನ್ನು ಕಾನೂನು ಗುರುತಿಸಿತು. ಐವತ್ತು ಸದಸ್ಯರ ಮಿತಿ, ಸಾರ್ವಜನಿಕರ ಹತ್ತಿರ ದುಡ್ಡು ಎತ್ತುವಂತಿಲ್ಲ. ಬದಲಿಗೆ ಬ್ಯಾಲೆನ್ಸ್ ಶೀಟನ್ನು ಸರ್ಕಾರಕ್ಕೆ ಸಲ್ಲಿಸೋದರಿಂದ ವಿನಾಯಿತಿ. ಆಡಿಟ್ ಮಾತ್ರ ಹಾಗೇ ಉಳಿಯಿತು. 1913ರ ಭಾರತೀಯ ಕಂಪನಿ ಕಾಯ್ದೆಯೂ ಇದೇ ಅಚ್ಚಿನದು, ಆದರೆ ಅದರಲ್ಲಿ ಸಣ್ಣವರಿಗೆ ಒಂದು ಸಂದು ಇತ್ತು: ಆಡಿಟರ್ ಬಳಿ ಸರ್ಕಾರದ ಸರ್ಟಿಫಿಕೇಟ್ ಇರಬೇಕು ಅನ್ನೋ ನಿಯಮದಿಂದ ಪ್ರೈವೇಟ್ ಕಂಪನಿಗಳನ್ನು ಹೊರಗಿಟ್ಟಿದ್ದರು. ಲೆಕ್ಕ ಬಲ್ಲ ಸೋದರಮಾವ ಕೂಡ ನೋಡಿ ಸೈನ್ ಹಾಕಬಹುದಿತ್ತು. ಗಾತ್ರಕ್ಕೆ ತಕ್ಕ ಆಡಿಟ್ ಅನ್ನೋ ಇವತ್ತಿನ ಚರ್ಚೆಗೆ ನೂರು ವರ್ಷ ಹಿಂದೆಯೇ ಕೊಟ್ಟ ಒಂದು ಉತ್ತರ ಇದು. ಸ್ವತಂತ್ರ ಭಾರತದಲ್ಲಿ 1949ರ ಜುಲೈ 1ರಂದು ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಹುಟ್ಟಿತು, 1956ರ ಕಂಪನಿ ಕಾಯ್ದೆ ಆ ಸಂದನ್ನು ಮುಚ್ಚಿತು. ಬ್ರಿಟನ್ನಿನಲ್ಲೂ ಹೆಚ್ಚುಕಡಿಮೆ ಹೀಗೇ: 1948ರಲ್ಲಿ ಕುಟುಂಬದ ಸಣ್ಣ ಕಂಪನಿಗಳಿಗೆ ಅರ್ಹತೆ ಇಲ್ಲದ ಆಡಿಟರ್ ಆದೀತು ಅಂದಿದ್ದರು, 1967ರಲ್ಲಿ ಆ ರಿಯಾಯಿತಿಯನ್ನು ತೆಗೆದರು.

ಅದೇ ಕಾಲದಲ್ಲಿ ನಮ್ಮಲ್ಲಿ ಇನ್ನೊಂದು ಬಗೆಯ ಸಣ್ಣ ಆಡಿಟ್ ಬೆಳೆಯುತ್ತಿತ್ತು. ಕಂಪನಿಗಳ ಬಗ್ಗೆ ಮಾತಾಡುವವರು ಇದನ್ನು ನೆನೆಯೋದೇ ಇಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರಿ ಸಂಘ ಶುರುವಾಯಿತು. ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ ಅಂತ ಅದಕ್ಕೆ ಹೆಸರು. ಹಿಂದಿನ ವರ್ಷವಷ್ಟೇ ಬಂದಿದ್ದ ಸಹಕಾರಿ ಕಾಯ್ದೆಯಡಿ ಇಂಥ ಸಂಘಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ನೋಡಬೇಕಾದವರು ರಿಜಿಸ್ಟ್ರಾರರು, ಅದೂ ಪುಕ್ಕಟೆಯಾಗಿ. ಯೋಚಿಸಿ. ಸಂಘದ ಬಂಡವಾಳ ಅಷ್ಟಿಷ್ಟು, ಸದಸ್ಯರಲ್ಲಿ ಬಹಳ ಜನಕ್ಕೆ ಅಕ್ಷರ ಬಾರದು, ದುಡ್ಡು ಮಾತ್ರ ಅವರದ್ದು. ಗಾತ್ರ ಸಣ್ಣದು, ಹಾಗಾಗಿ ಆಡಿಟ್ ಬೇಡ ಅಂತ ಯಾರೂ ಅನ್ನಲಿಲ್ಲ. ಗಾತ್ರ ಸಣ್ಣದು, ಹಾಗಾಗಿ ಫೀಸು ಬೇಡ ಅಂದರು. ಸಹಕಾರಿ ಇಲಾಖೆಯ ಆಡಿಟಿನ ಮೇಲೆ ದೂರುಗಳು ಬೇಕಾದಷ್ಟಿವೆ, ಅದು ಬೇರೆ ಮಾತು. ಆದರೆ ಸಣ್ಣದಕ್ಕೆ ಏನು ತಕ್ಕುದು ಅನ್ನೋ ಪ್ರಶ್ನೆಯನ್ನು ಅವರು ಸರಿಯಾದ ತುದಿಯಿಂದ ಹಿಡಿದಿದ್ದರು: ಊರಿನ ರೈತ ಪುಸ್ತಕದ ಹತ್ತಿರ ಇದ್ದರೂ ಅದನ್ನು ಓದಲಾರ, ಅವನ ಪರವಾಗಿ ಓದುವವರು ಬೇಕು.

ಯುರೋಪಿನಲ್ಲಿ ಗಾಳಿ ಬೇರೆ ಕಡೆ ಬೀಸಿತು. ಸಣ್ಣ ಕಂಪನಿಗಳನ್ನು ಆಡಿಟ್‌ನಿಂದ ಬಿಡಬಹುದು ಅಂತ 1978ರಲ್ಲಿ ಯುರೋಪಿನ ನಿರ್ದೇಶನವೊಂದು ಸದಸ್ಯ ದೇಶಗಳಿಗೆ ಅವಕಾಶ ಕೊಟ್ಟಿತು. ಬ್ರಿಟನ್ ಅದನ್ನು ಬಳಸಿಕೊಳ್ಳೋಕೆ 1994ರ ತನಕ ಕಾಯಿತು. ಆಗ ಪೂರ್ತಿ ವಿನಾಯಿತಿ ಸಿಕ್ಕಿದ್ದು ವಹಿವಾಟು 90,000 ಪೌಂಡಿನ ಒಳಗಿದ್ದವರಿಗೆ. ಆಮೇಲೆ ಗೆರೆ ಮೇಲೇರುತ್ತಲೇ ಹೋಯಿತು: 2000ದಲ್ಲಿ 10 ಲಕ್ಷ, 2004ರಲ್ಲಿ 56 ಲಕ್ಷ, 2016ರಲ್ಲಿ 1 ಕೋಟಿ 2 ಲಕ್ಷ ಪೌಂಡ್. ಇಪ್ಪತ್ತೆರಡು ವರ್ಷದಲ್ಲಿ ನೂರು ಪಟ್ಟಿಗೂ ಮೀರಿ. ಇಷ್ಟೊತ್ತಿಗೆ ಸಣ್ಣದು ಅನ್ನೋ ಪದ ಏನನ್ನು ಹೇಳುತ್ತಿತ್ತೋ!

ಸ್ವೀಡನ್ ಇನ್ನೂ ಪಾಠ ಆಗಬಹುದಾದ ಕತೆ. ಅಲ್ಲಿ ಪ್ರತಿ ಲಿಮಿಟೆಡ್ ಕಂಪನಿಗೂ ಆಡಿಟ್ ಇತ್ತು. 2010ರ ನವೆಂಬರ್ 1ರಿಂದ ತೀರ ಸಣ್ಣವರಿಗೆ ಬಿಟ್ಟರು. ಖರ್ಚು ಉಳಿಯುತ್ತೆ, ಕಂಪನಿ ಬೆಳೆಯುತ್ತೆ ಅನ್ನೋ ನಿರೀಕ್ಷೆ. ಏಳು ವರ್ಷ ಆದ ಮೇಲೆ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆಯೇ ಕೂತು ನೋಡಿತು. ನಿರೀಕ್ಷಿಸಿದ ಬೆಳವಣಿಗೆ ಕಾಣಲಿಲ್ಲ, ತೆರಿಗೆ ವಂಚನೆಯ ಅಪಾಯ ಮಾತ್ರ ಹೆಚ್ಚಿತು, ಉಳಿದದ್ದಕ್ಕಿಂತ ಕಳೆದದ್ದೇ ಜಾಸ್ತಿ ಅಂತ 2017ರ ವರದಿಯಲ್ಲಿ ಬರೆದು, ಮತ್ತೆ ಕಡ್ಡಾಯ ಮಾಡಿ ಅಂತ ಶಿಫಾರಸು ಮಾಡಿತು. ಆಡಿಟ್ ಸಂಸ್ಥೆ ಆಡಿಟ್ ಬೇಕು ಅನ್ನದೆ ಇನ್ನೇನು ಅಂದೀತು ಅಂತ ನೀವು ಕೇಳಬಹುದು, ನ್ಯಾಯವೇ. ಆದರೆ ನನ್ನ ಕಣ್ಣು ಬಿದ್ದಿದ್ದು ಅವರು ಲೆಕ್ಕ ಹಾಕಿದ ನಷ್ಟದ ಮೇಲೆ. ಷೇರುದಾರರಿಗೆ ಮೋಸ ಆಯಿತು ಅಂತ ಅಲ್ಲಿ ಯಾರೂ ಅಳಲಿಲ್ಲ, ನಷ್ಟ ಮುಖ್ಯವಾಗಿ ಸರ್ಕಾರದ್ದು. ಅಂದರೆ ಇಷ್ಟು ವರ್ಷ ಷೇರುದಾರರ ಹೆಸರಿನಲ್ಲಿ ನಡೆದ ಆಡಿಟನ್ನು ಪಕ್ಕದಲ್ಲಿ ನಿಂತು ಇಣುಕಿ ಓದುತ್ತಿದ್ದವರು ತೆರಿಗೆಯವರು.

ನಮ್ಮಲ್ಲಿ ಹಾಗೆ ಇಣುಕುವ ಗೋಜೇ ಇಲ್ಲ, ನೇರಾನೇರ. 1971ರಲ್ಲಿ ವಾಂಛೂ ಸಮಿತಿ ಕಪ್ಪುಹಣದ ಬಗ್ಗೆ ವರದಿ ಕೊಡುವಾಗ ಒಂದು ಮಟ್ಟ ಮೀರಿದ ವ್ಯಾಪಾರಿಗಳಿಗೆಲ್ಲ ಆಡಿಟ್ ಕಡ್ಡಾಯ ಮಾಡಿ ಅಂದಿತ್ತು. 1984ರ ಬಜೆಟ್ ಅದನ್ನು ಜಾರಿಗೆ ತಂದಿತು. ಆದಾಯ ತೆರಿಗೆ ಕಾಯ್ದೆಯ 44ಎಬಿ ಸೆಕ್ಷನ್, ವಹಿವಾಟು 40 ಲಕ್ಷ ದಾಟಿದರೆ ಟ್ಯಾಕ್ಸ್ ಆಡಿಟ್. ಕಂಪನಿಯೇ ಆಗಬೇಕಂತಿಲ್ಲ, ಚಿಕ್ಕಪೇಟೆಯ ಬಟ್ಟೆ ಅಂಗಡಿಯ ಸೇಠರಿಗೂ ಅನ್ವಯ. ಷೇರುದಾರರೇ ಇಲ್ಲದ ಅಂಗಡಿಗೆ ಆಡಿಟರ್ ಬಂದದ್ದು ಹೀಗೆ. ನಮ್ಮೂರುಗಳಲ್ಲಿ ಲೆಕ್ಕ ಬರೆಯುವವರು, ರಿಟರ್ನ್ ತುಂಬುವವರು, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವವರು, ಎಲ್ಲರೂ ಒಂದೇ ಹೆಸರಿನಲ್ಲಿ 'ನಮ್ಮ ಆಡಿಟರ್' ಆಗಿರೋದಕ್ಕೂ ಇದೇ ಕಾರಣ ಇರಬೇಕು ಅಂತ ನನ್ನ ಗುಮಾನಿ. ಲೆಕ್ಕ ಬರೆದವರೇ ಆ ಕಂಪನಿಯ ಆಡಿಟ್ ಮಾಡಕೂಡದು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತೆ. ಆದರೆ 'ಆಡಿಟರನ್ನೇ ಕೇಳ್ರೀ' ಅನ್ನೋ ಮಾತು ಕಾಯ್ದೆಗಿಂತ ಹಳೆಯದು.

ಟ್ಯಾಕ್ಸ್ ಆಡಿಟಿನ ಮಿತಿ 2012ರಲ್ಲಿ 1 ಕೋಟಿಯಾಯಿತು. 2020ರಲ್ಲಿ ಒಂದು ಹೊಸ ಅಳತೆ ಬಂತು: ನಗದು ಕೊಟ್ಟದ್ದೂ ಪಡೆದದ್ದೂ ತಲಾ ಶೇಕಡ 5ನ್ನು ಮೀರದಿದ್ದರೆ 5 ಕೋಟಿವರೆಗೆ ಬೇಡ. ಮರುವರ್ಷ ಅದು 10 ಕೋಟಿಯಾಯಿತು. ಇದು ಉದಾರತೆ ಅಂತ ತಿಳಿದವರಿಗೆ 2025ರ ಜುಲೈ ನೆನಪಿಸಬೇಕು. ಯುಪಿಐ ವಹಿವಾಟಿನ ಮಾಹಿತಿ ಹಿಡಿದು ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ಜಿಎಸ್‌ಟಿ ನೋಟಿಸು ಹೋದವು, ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಓನ್ಲಿ' ಬೋರ್ಡು ಹಾಕಿದರು. ಸರ್ಕಾರಕ್ಕೆ ಫೋನಿನಲ್ಲೇ ಕಾಣುವ ವಹಿವಾಟನ್ನು ನೋಡೋಕೆ ಆಡಿಟರ್ ಯಾಕೆ ಬೇಕು?

ಇನ್ನು ಆಡಿಟ್ ಹೇಗೆ ಮಾಡಬೇಕು ಅನ್ನೋ ನಿಯಮಗಳ ಕಡೆ ನೋಡಿ. ಕಂಪನಿ ಮುಳುಗಿದಾಗಲೆಲ್ಲ ಇವು ಉದ್ದವಾಗುತ್ತವೆ. 2001ರಲ್ಲಿ ಎನ್ರಾನ್, 2002ರಲ್ಲಿ ವರ್ಲ್ಡ್‌ಕಾಮ್, ನಮ್ಮಲ್ಲಿ 2009ರ ಜನವರಿ 7ರಂದು ಸತ್ಯಂನ ರಾಮಲಿಂಗ ರಾಜು ಬರೆದ ಪತ್ರ. ಅದೇ ವರ್ಷದ ಕೊನೆಗೆ ಅಂತಾರಾಷ್ಟ್ರೀಯ ಆಡಿಟ್ ಮಾನದಂಡಗಳ ಪರಿಷ್ಕೃತ ಕಟ್ಟು ಜಾರಿಗೆ ಬಂತು, ಒಟ್ಟು 36. ನಮ್ಮ ಮಾನದಂಡಗಳಿಗೂ ಅವೇ ಮಾದರಿ. ದೊಡ್ಡ ಕಂಪನಿಯ ಹತ್ತು ವಿಭಾಗ, ಇಪ್ಪತ್ತು ದೇಶ, ಒಬ್ಬರ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸುವ ಏರ್ಪಾಡು, ಇದನ್ನೆಲ್ಲ ಮನಸ್ಸಿನಲ್ಲಿಟ್ಟು ಬರೆದವು. ಸಣ್ಣವರಿಗೆ ಇಲ್ಲಲ್ಲಿ ಒಂದೊಂದು ಪ್ಯಾರಾ. ನಮ್ಮ ಇಬ್ಬರು ಗೆಳೆಯರ ಆಫೀಸಿನಲ್ಲಿ ಯಾರ ಕೆಲಸವನ್ನು ಯಾರು ಪರೀಕ್ಷಿಸಬೇಕು? ಆದರೂ ಅದಿಲ್ಲ ಅನ್ನೋದನ್ನೂ ಆಡಿಟರ್ ದಾಖಲಿಸಬೇಕು. ಹೇಳುವಷ್ಟು ಫೀಸಿಲ್ಲದ ಆಡಿಟಿನಲ್ಲಿ ಇದು ಆಗೋದು ಹೇಗೆ ಅಂತ ಬಿಡಿಸಿ ಹೇಳಬೇಕಿಲ್ಲ: ಹೋದ ವರ್ಷದ ಫೈಲು, ಈ ವರ್ಷದ ತಾರೀಕು.

ಉತ್ತರ ಯುರೋಪಿನ ಲೆಕ್ಕಿಗರ ಸಂಘಗಳು 2015ರಲ್ಲಿ ಸಣ್ಣವರಿಗಾಗಿಯೇ ಬೇರೆ ಮಾನದಂಡದ ಕರಡು ಬರೆದವು. ಅಂತಾರಾಷ್ಟ್ರೀಯ ಮಂಡಳಿ 2019ರಲ್ಲಿ ಚರ್ಚೆಗೆ ಇಳಿದು, 2021ರಲ್ಲಿ ಕರಡು ತಂದು, 2023ರ ಡಿಸೆಂಬರಿನಲ್ಲಿ ಅಷ್ಟೇನೂ ಜಟಿಲವಲ್ಲದ ಸಂಸ್ಥೆಗಳ ಆಡಿಟಿಗೆ ಒಂದೇ, ಪ್ರತ್ಯೇಕ ಮಾನದಂಡವನ್ನು ಪ್ರಕಟಿಸಿತು. 2025ರ ಡಿಸೆಂಬರ್ 15ರ ನಂತರ ಶುರುವಾಗುವ ಲೆಕ್ಕದ ವರ್ಷಗಳಿಗೆ ಅದು ಅನ್ವಯ. ಒಪ್ಪಿಕೊಳ್ಳೋದು ಬಿಡೋದು ಆಯಾ ದೇಶಕ್ಕೆ ಬಿಟ್ಟದ್ದು. ಷೇರುಪೇಟೆಯ ಕಂಪನಿಗಳಿಗೆ, ಸಾರ್ವಜನಿಕರ ಠೇವಣಿ ಇಟ್ಟುಕೊಳ್ಳುವವರಿಗೆ ಇದನ್ನು ಬಳಸುವಂತಿಲ್ಲ. ಗ್ಲಾಸ್ಗೋ ಯಾರಿಗೋ ನೆನಪಿದೆ ಅಂತಾಯಿತು. ಮುಖ್ಯ ಸಂಗತಿ ಏನಂದ್ರೆ, ಇದು ಅರ್ಧ ಆಡಿಟ್ ಅಲ್ಲ. ಆಡಿಟರ್ ಕೊಡುವ ಭರವಸೆಯ ಮಟ್ಟ ಮೊದಲಿನಷ್ಟೇ. ಸಂಬಂಧ ಇಲ್ಲದ ಅಧ್ಯಾಯಗಳನ್ನು ತೆಗೆದು, ಕೆಲಸ ಸಾಗುವ ಕ್ರಮದಲ್ಲಿ ಜೋಡಿಸಿದ್ದಾರೆ. ಭಾರ ಇಳಿಸಿದ್ದು ಕಾಗದದಲ್ಲಿ, ಹೊಣೆಯಲ್ಲಿ ಅಲ್ಲ.

ನಮ್ಮಲ್ಲಿ ಕಾನೂನು ಇನ್ನೊಂದು ರೀತಿ ಹಂಚಿಕೊಂಡಿದೆ. 2013ರ ಕಾಯ್ದೆ ಪ್ರಕಾರ ಕಂಪನಿ ಹುಟ್ಟಿದ 30 ದಿನದೊಳಗೆ ಡೈರೆಕ್ಟರುಗಳು ಮೊದಲ ಆಡಿಟರನ್ನು ನೇಮಿಸಬೇಕು, ಒಂದು ರೂಪಾಯಿ ವ್ಯಾಪಾರ ಆಗಿರದಿದ್ದರೂ. ಅದೇ ಗೆಳೆಯರು ಎಲ್‌ಎಲ್‌ಪಿ ಮಾಡಿಕೊಂಡಿದ್ದರೆ ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವ ತನಕ ಬೇಡ. 2021ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ, ಅಂದ್ರೆ ಎನ್‌ಎಫ್‌ಆರ್‌ಎ, ಸಣ್ಣ ಮಧ್ಯಮ ಕಂಪನಿಗಳಿಗೆ ಕಡ್ಡಾಯ ಆಡಿಟ್ ಬೇಕೇ ಅಂತ ಸಾರ್ವಜನಿಕರ ಅಭಿಪ್ರಾಯ ಕೇಳುವ ಪತ್ರವನ್ನೇ ಹೊರಡಿಸಿತು.

ಆದರೆ ನಮ್ಮವರು ಸದ್ದಿಲ್ಲದೆ ಕೊಟ್ಟ ಒಂದು ರಿಯಾಯಿತಿ ಇದೆ, ನನ್ನ ತಕರಾರು ಅದರ ಮೇಲೆ. ಆಡಿಟರ್ ತಮ್ಮ ವರದಿಯಲ್ಲಿ ಕೆಲವು ನಿರ್ದಿಷ್ಟ ಪ್ರಶ್ನೆಗಳಿಗೆ ಉತ್ತರಿಸಲೇಬೇಕು ಅನ್ನೋ ಆದೇಶ 1975ರಿಂದ ಒಂದಲ್ಲ ಒಂದು ರೂಪದಲ್ಲಿದೆ. 2020ರ ರೂಪಕ್ಕೆ ಕ್ಯಾರೋ ಅಂತ ಕರೆಯುತ್ತಾರೆ. ಅದರಲ್ಲೊಂದು ಪ್ರಶ್ನೆ: ಪ್ರಾವಿಡೆಂಟ್ ಫಂಡ್, ಇಎಸ್‌ಐ ಬಾಕಿಯನ್ನು ಕಂಪನಿ ಸರಿಯಾಗಿ ಕಟ್ಟುತ್ತಿದೆಯೇ? ಕಾಯ್ದೆ ಯಾವುದನ್ನು ಸಣ್ಣ ಕಂಪನಿ ಅನ್ನುತ್ತದೋ ಅದಕ್ಕೆ ಈ ಆದೇಶ ಅನ್ವಯಿಸೋದಿಲ್ಲ. 2022ರಲ್ಲಿ ಆ ಗೆರೆಯನ್ನು 4 ಕೋಟಿ ಬಂಡವಾಳ, 40 ಕೋಟಿ ವಹಿವಾಟಿಗೆ ಏರಿಸಿದರು. ಟ್ಯಾಕ್ಸ್ ಆಡಿಟಿನ ನಮೂನೆಯಲ್ಲೂ ಪಿಎಫ್ ಯಾವ ತಾರೀಕಿಗೆ ಕಟ್ಟಿದಿರಿ ಅನ್ನೋ ಪ್ರಶ್ನೆ ಉಂಟು, ತಡವಾಗಿದ್ದರೆ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಒಪ್ಪದಿರೋಕೆ.

ಈಗ ನಮ್ಮ ಗೆಳೆಯರ ಕಂಪನಿ ಬೆಳೆದು 25 ಜನ ಕೆಲಸಕ್ಕಿದ್ದಾರೆ, ವಹಿವಾಟು 8 ಕೋಟಿ, ಎಲ್ಲ ಆನ್‌ಲೈನ್ ಪೇಮೆಂಟು ಅಂತಿಟ್ಟುಕೊಳ್ಳಿ. ಇಪ್ಪತ್ತು ದಾಟಿದ್ದರಿಂದ ಪಿಎಫ್ ಇದೆ. ಟ್ಯಾಕ್ಸ್ ಆಡಿಟ್ ಇಲ್ಲ. ಕ್ಯಾರೋ ಇಲ್ಲ. ಕಂಪನಿ ಆಡಿಟ್ ಮಾತ್ರ ಉಂಟು: ಇಬ್ಬರೂ ಪತ್ರಕ್ಕೆ ಸೈನ್ ಹಾಕುತ್ತಾರೆ, ವರದಿ ಅದೇ ಇಬ್ಬರ ಹೆಸರಿಗೆ ಬರುತ್ತೆ. ಕೈ ಬಿಗಿಯಾದ ಒಂದು ತಿಂಗಳು, ಸಂಬಳದಿಂದ ಮುರಿದ ಪಿಎಫ್ ದುಡ್ಡನ್ನು ಸರ್ವರ್ ಬಿಲ್ಲಿಗೆ ಕಟ್ಟಿದರೆ ಅದನ್ನು ಹೆಸರಿಟ್ಟು ಕೇಳುವ ಸಾಲು ಆ ವರದಿಯಲ್ಲಿಲ್ಲ. ಆ 25 ಜನ ಅದೇ ಆಫೀಸಿನಲ್ಲಿ, ಕಾಫಿ ಮೆಷಿನ್ ಪಕ್ಕದ ಸಾಲಿನಲ್ಲೇ ಕೂತಿರುತ್ತಾರೆ.